ಪ್ರಾರ್ಥನಾ ವಿಷಯವಾಗಿ ಹೋದ ಗುಟ್ಟು: ಒಂದು ಆಪ್ತಸಲಹೆ ಪ್ರಕರಣ

(ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದದ್ದು.)

ಪತಿಗೆ 69, ಬ್ಯಾಂಕಿನಿಂದ ನಿವೃತ್ತರು. ಪತ್ನಿಗೆ 64, ಹೈಸ್ಕೂಲಿನಲ್ಲಿ ಟೀಚರಾಗಿದ್ದವರು. ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಹಳೆಯ ಕುಟುಂಬ. ಮಗ ಮೆಲ್ಬರ್ನ್‌ನಲ್ಲಿ, ಮಗಳು ದುಬೈಯಲ್ಲಿ. ತೊಂದರೆ ಹೇಳಿಕೊಂಡು ಬಂದವರು ಪತ್ನಿ: ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಆರಾಧನೆಯ ನಡುವೆ ಕಣ್ಣೀರು ಬರುತ್ತದೆ, ಅಡುಗೆಮನೆಗೆ ಹೋಗಲು ಮನಸ್ಸಿಲ್ಲ. ಕಾರಣವನ್ನೂ ಅವರೇ ಹೇಳಿದರು. ಮಗಳ ಹಾಗೆ ನೋಡಿಕೊಂಡ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಅವರ ನಂಬರ್ ಬ್ಲಾಕ್ ಮಾಡಿದ್ದಾಳೆ. “ನಾನು ಅವಳಿಗೆ ಎಂತ ಅನ್ಯಾಯ ಮಾಡಿದ್ದೇನೆ, ನೀವೇ ಹೇಳಿ.”

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅವರ ಅಂಕ 11 ಬಂತು. 10ರಿಂದ 14ರವರೆಗಿನದು ಮಧ್ಯಮ ಪ್ರಮಾಣದ ಖಿನ್ನತೆಯ ಲಕ್ಷಣ. ಈ ವಯಸ್ಸಿನಲ್ಲಿ ನಿದ್ದೆಗೇಡು, ಸುಸ್ತು ಎಂದರೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಸರಿಯಲ್ಲ. ಮೊದಲು ಥೈರಾಯ್ಡ್, ಬಿ12, ಸಕ್ಕರೆ, ಬಿಪಿ ನೋಡಿಸಿ ಬರಲು ಹೇಳಲಾಯಿತು. ಬಿಪಿ ಸ್ವಲ್ಪ ಹೆಚ್ಚಿತ್ತು, ಉಳಿದದ್ದು ಸರಿಯಿತ್ತು.

ಹಿನ್ನೆಲೆ ಹೀಗಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಬಂದಿಳಿದ ಊರು ಇದು. ಇಲ್ಲಿನ ಹಳೆಯ ಸಭೆಯೊಂದರಲ್ಲಿ ಹಿರಿಯರ ಮಕ್ಕಳು ಹೊರದೇಶಗಳಲ್ಲಿದ್ದಾರೆ. ಇಂಗ್ಲಿಷ್ ಆರಾಧನೆಯ ಹಿಂದಿನ ಬೆಂಚುಗಳಲ್ಲಿ ನರ್ಸಿಂಗ್, ಫಿಸಿಯೋಥೆರಪಿ ಓದಲು ಕೇರಳ, ಮಿಜೋರಾಂ, ನಾಗಾಲ್ಯಾಂಡ್‌ನಿಂದ ಬಂದ ಹುಡುಗ ಹುಡುಗಿಯರು. ಮಿಜೋ ಮಕ್ಕಳಲ್ಲಿ ಪ್ರೆಸ್ಬಿಟೇರಿಯನ್ನರು ಹೆಚ್ಚು, ನಾಗಾ ಮಕ್ಕಳಲ್ಲಿ ಬ್ಯಾಪ್ಟಿಸ್ಟರು. ಹೊಸ ಊರಿನಲ್ಲಿ ಅವರು ಮೊದಲು ಹುಡುಕುವುದು ಒಂದು ಚರ್ಚನ್ನು. ಈ ದಂಪತಿ ನಾಲ್ಕು ವರ್ಷದಿಂದ ಅಂಥವರನ್ನು ಪ್ರತಿ ಆದಿತ್ಯವಾರ ಊಟಕ್ಕೆ ಕರೆಯುತ್ತಿದ್ದರು. ಐದು ಮಂದಿಯ ಹಾಸ್ಟೆಲ್ ಫಾರಂಗೆ ಲೋಕಲ್ ಗಾರ್ಡಿಯನ್ ಎಂದು ಸಹಿಯನ್ನೂ ಹಾಕಿದ್ದರು. ಮಾಡುತ್ತಿದ್ದದ್ದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ತೊಡಕಾದದ್ದು ಅದಕ್ಕೆ ಅಳತೆ ಇರಲಿಲ್ಲ ಎಂಬಲ್ಲಿ.

ಬ್ಲಾಕ್ ಮಾಡಿದವಳಿಗೆ 19 ವರ್ಷ, ಮಿಜೋರಾಂನವಳು. ಪತ್ನಿಯ ಲೆಕ್ಕದಲ್ಲಿ ಜಗಳದ ಮೂಲ ಒಂದೇ: ಮೂರು ದಿನ ಫೋನ್ ಎತ್ತಲಿಲ್ಲವೆಂದು ಅವರು ಹೆದರಿ ವಾರ್ಡನ್‌ಗೆ ಫೋನ್ ಮಾಡಿದರು. ವಾರ್ಡನ್ ರಾತ್ರಿ ಹತ್ತಕ್ಕೆ ಅವಳ ಮನೆಗೇ ಫೋನ್ ಹಾಕಿದರು, ಅಲ್ಲಿ ಗಾಬರಿಯಾಯಿತು, ಹುಡುಗಿಗೆ ಸಿಟ್ಟು ಬಂತು.

ಇಂಥ ಪ್ರಕರಣದಲ್ಲಿ ನೆನಪಿನ ಮೇಲೆ ನಂಬಿಕೆ ಇಡಬಾರದು, ಏಕೆಂದರೆ ನೋವಾದವರು ಕೊನೆಯ ಘಟನೆಯನ್ನೇ ಮೂಲ ಎಂದುಕೊಳ್ಳುತ್ತಾರೆ. ಎರಡು ತಿಂಗಳ ವಾಟ್ಸ್‌ಆ್ಯಪ್ ನೋಡಿ, ನೋಟ್‌ಬುಕ್ಕಿನ ಒಂದು ಪುಟದಲ್ಲಿ ಗೆರೆ ಹಾಕಿ, ಎಡಕ್ಕೆ ತಾರೀಕು, ಮಧ್ಯದಲ್ಲಿ ಇವರು ಕಳಿಸಿದ್ದು, ಬಲಕ್ಕೆ ಅವಳ ಉತ್ತರ ಎಂದು ಬರೆದು ತರಲು ಹೇಳಲಾಯಿತು. ಟೀಚರ್ ಅಕ್ಷರ, ಅಚ್ಚುಕಟ್ಟಾಗಿ ಬರೆದು ತಂದರು. ಬಲಗಡೆಯ ಕಾಲಂ ಒಂದು ಗುರುವಾರದವರೆಗೆ ತುಂಬಿತ್ತು: ಫೋಟೋ, ನಗು, ವಾರ್ಡಿನ ಸುದ್ದಿ. ಆಮೇಲೆ ಬರೀ “ಓಕೆ ಆಂಟಿ”. ವಾರ್ಡನ್‌ಗೆ ಫೋನ್ ಹೋದದ್ದು ಅದಾಗಿ ಹನ್ನೆರಡು ದಿನಕ್ಕೆ.

ಆ ಗುರುವಾರ ಏನಾಗಿತ್ತು? ಅವರು ಅಲ್ಲೇ ಕೂತು ಫೋನಿನಲ್ಲಿ ಇನ್ನೊಂದು ಗುಂಪು ತೆರೆದರು. ಸ್ತ್ರೀಯರ ಕೂಟದ ಅರವತ್ತು ಮಂದಿಯ ಗುಂಪಿಗೆ ಹಿಂದಿನ ರಾತ್ರಿ ಅವರೇ ಹಾಕಿದ ಸಂದೇಶ: “ಪ್ರಾರ್ಥನಾ ವಿಷಯ. ನಮ್ಮ ಮಿಜೋರಾಂ ಮಗಳು ಒಂದು ಸಬ್ಜೆಕ್ಟಿನಲ್ಲಿ ಎರಡನೇ ಸಲ ಫೇಲಾಗಿದ್ದಾಳೆ. ಮನೆಯಲ್ಲಿ ತಂದೆಯ ಕುಡಿತದ ಕಷ್ಟ. ದಯವಿಟ್ಟು ನೆನಪಿಸಿಕೊಳ್ಳಿ.” ಹೆಸರು ಹಾಕಿರಲಿಲ್ಲ. ಆದರೆ ಆ ಸಭೆಗೆ ಮಿಜೋರಾಂನಿಂದ ಬರುವವರು ಇಬ್ಬರೇ, ಒಬ್ಬ ಹುಡುಗ. ಗುಂಪಿನಲ್ಲಿ ಅದೇ ಕಾಲೇಜಿನ ಟ್ಯೂಟರ್ ಒಬ್ಬರಿದ್ದರು. ಮಿಜೋರಾಂ ಮದ್ಯನಿಷೇಧವಿರುವ ರಾಜ್ಯ. ಚರ್ಚಿನ ಮಾತಿಗೆ ತೂಕವಿರುವ ಸಮಾಜ. ಅಲ್ಲಿ ತಂದೆಯ ಕುಡಿತ ಹೊರಗೆ ಹೇಳುವ ಸಂಗತಿಯಲ್ಲ. ಅವಳು ಅದನ್ನು ಹೇಳಿದ್ದು ಪಾತ್ರೆ ತೊಳೆಯುತ್ತ, ಈ ಒಬ್ಬರಿಗೆ ಮಾತ್ರ.

ಪತ್ನಿ ಬಹಳ ಹೊತ್ತು ಮಾತಾಡಲಿಲ್ಲ. ಪತಿ “ನಾನು ಆವತ್ತೇ ಹೇಳಿದ್ದೆ, ನೀನು ಅತಿ ಮಾಡ್ತಿ ಅಂತ” ಎಂದರು. ಮನೆಯ ತಪ್ಪೆಲ್ಲ ಒಬ್ಬರ ಮೇಲೇ ಬೀಳತೊಡಗಿದಾಗ ಇನ್ನೊಬ್ಬರ ಕಡೆಯಿಂದಲೂ ಒಮ್ಮೆ ಕೇಳಬೇಕಾಗುತ್ತದೆ. ಕೇಳಿದಾಗ ತಿಳಿದದ್ದು: ಪತಿ ಒಬ್ಬ ಹುಡುಗನಿಗೆ ಫೀಸಿಗೆಂದು 35,000 ರೂಪಾಯಿ ಸಾಲ ಕೊಟ್ಟಿದ್ದರು, ಹೆಂಡತಿಗೆ ಹೇಳದೆ, ಬರಹವಿಲ್ಲದೆ. ಆ ಹುಡುಗನೂ ಈಗ ಆರಾಧನೆಗೆ ಬರುತ್ತಿರಲಿಲ್ಲ.

ಸಲಹೆಯ ಮೊದಲ ಭಾಗ ಕ್ಷಮೆಯ ಪತ್ರ. ನಂಬರ್ ಬ್ಲಾಕ್ ಆಗಿದ್ದಾಗ ಬೇರೆ ನಂಬರಿನಿಂದ ಮೆಸೇಜು ಕಳಿಸುವುದು, ಗೆಳತಿಯ ಕೈಯಲ್ಲಿ ಹೇಳಿಸುವುದು, ಹಾಸ್ಟೆಲ್ ಗೇಟಿಗೆ ಟಿಫಿನ್ ಕ್ಯಾರಿಯರ್ ಹಿಡಿದು ಹೋಗುವುದು ಮೂರೂ ಬೇಡ. ಮುಚ್ಚಿದ ಬಾಗಿಲನ್ನು ದೂಡಿದ ಹಾಗಾಗುತ್ತದೆ. ಕೈಬರಹದ ಒಂದು ಪತ್ರ, ಅಂಟಿಸಿದ ಲಕೋಟೆ, ಅಂಚೆಯಲ್ಲಿ. ಮೊದಲ ಕರಡು ಎರಡೂವರೆ ಪುಟ ಇತ್ತು, ಅದರಲ್ಲಿ “ನಾನು ನಿನ್ನ ಒಳ್ಳೆಯದಕ್ಕೇ” ಎಂಬ ಮಾತು ನಾಲ್ಕು ಕಡೆ ಬಂದಿತ್ತು. ಅದನ್ನೆಲ್ಲ ಹೊಡೆದು ಹಾಕಿದ ಮೇಲೆ ಉಳಿದದ್ದು ಐದು ವಾಕ್ಯ. ಪತ್ರ ಹೋದದ್ದು ಇಂಗ್ಲಿಷಿನಲ್ಲಿ, ಸಾರ ಹೀಗೆ: “ನೀನು ನಂಬಿ ಹೇಳಿದ್ದನ್ನು ನಾನು ಸ್ತ್ರೀಯರ ಗುಂಪಿನಲ್ಲಿ ಬರೆದೆ. ಅದು ತಪ್ಪು. ಆ ಸಂದೇಶ ಓದಿದವರು ಅದನ್ನು ಮುಂದೆ ಮಾತಾಡಬಾರದು ಎಂದು ಕೇಳಿಕೊಂಡಿದ್ದೇನೆ. ಇನ್ನು ಮೇಲೆ ನಾನಾಗಿ ನಿನಗೆ ಫೋನ್ ಮಾಡುವುದಿಲ್ಲ. ಈ ಪತ್ರಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ.” ಮೂರನೆಯ ವಾಕ್ಯ ಬರೆಯುವ ಮೊದಲು ಗುಂಪಿನಲ್ಲಿ ನಿಜವಾಗಿಯೂ ಕೇಳಿಕೊಳ್ಳಬೇಕಾಗಿತ್ತು. ಅದು ಅವರಿಗೆ ಪತ್ರಕ್ಕಿಂತ ಕಷ್ಟವಾಯಿತು. ಟ್ಯೂಟರ್ ಜೊತೆ ಬೇರೆಯಾಗಿಯೇ ಮಾತಾಡಿದರು.

ಪ್ರಾರ್ಥನೆ ಕೇಳಿಕೊಳ್ಳುವುದನ್ನು ಬಿಡಲು ಯಾರೂ ಹೇಳಲಿಲ್ಲ, ಹೇಳಬಾರದು ಕೂಡ. ಷರತ್ತು ಎರಡು: ಅವರವರ ಅನುಮತಿ ಕೇಳಿ, ಅವರು ಒಪ್ಪಿದ ಮಾತುಗಳನ್ನೇ ಬರೆಯಬೇಕು; ಅನುಮತಿ ಇಲ್ಲದಿದ್ದರೆ “ಪರೀಕ್ಷೆ ಬರೆಯುವ ಮಕ್ಕಳಿಗಾಗಿ” ಎಂಬಷ್ಟಕ್ಕೇ ನಿಲ್ಲಿಸಬೇಕು. ಊರು, ಕಾಲೇಜು, ಸಬ್ಜೆಕ್ಟು ಬರೆದರೆ ಹೆಸರು ಬರೆದ ಹಾಗೆಯೇ.

ಫೋನಿನ ವಿಷಯಕ್ಕೆ ಬಂದರೆ, ನರ್ಸಿಂಗ್ ಮಕ್ಕಳ ದಿನಚರಿ ತಿಳಿಯದವರಿಗೆ ಮೌನವೆಲ್ಲ ಅಪಾಯವಾಗಿ ಕಾಣುತ್ತದೆ. ಥಿಯರಿಗೂ ಪ್ರಾಯೋಗಿಕಕ್ಕೂ ಶೇ. 80 ಹಾಜರಿ ಬೇಕು, ಪದವಿ ಸಿಗುವ ಮೊದಲು ಪ್ರಾಯೋಗಿಕ ತಾಸುಗಳು ಪೂರ್ತಿ ನೂರಕ್ಕೆ ನೂರು ಆಗಬೇಕು; ತಪ್ಪಿದ ಡ್ಯೂಟಿಯನ್ನು ರಜೆಯಲ್ಲಾದರೂ ತುಂಬಿಸಿಕೊಡಬೇಕು. ನೈಟ್ ಡ್ಯೂಟಿ ಮುಗಿಸಿದವರು ಹಗಲೆಲ್ಲ ಮಲಗಿರುತ್ತಾರೆ. ಹಾಗಾಗಿ ಉತ್ತರ ಬಾರದಿದ್ದರೆ ಒಂದೇ ಮೆಸೇಜು, ಆಮೇಲೆ ಒಂದು ದಿನ ಕಾಯುವುದು, ನಂತರ ರೂಮ್‌ಮೇಟ್ ಹತ್ತಿರ “ಆರಾಮ ಇದ್ದಾಳಾ” ಎಂದಷ್ಟೇ ಕೇಳುವುದು. ವಾರ್ಡನ್ ಕೊನೆಯ ಮೆಟ್ಟಿಲು.

ಈ ಮೆಟ್ಟಿಲುಗಳನ್ನು ಹಾರಬೇಕಾದ ಸಂದರ್ಭ ಒಂದಿದೆ. ವಿದ್ಯಾರ್ಥಿ ಸಾಯುವ ಮಾತಾಡಿದರೆ, ಎಲ್ಲರಿಗೂ ವಿದಾಯದಂತೆ ಬರೆದರೆ, ಮಾತ್ರೆ ಕೂಡಿಡುತ್ತಿರುವುದು ತಿಳಿದರೆ, “ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?” ಎಂದು ನೇರವಾಗಿ ಕೇಳಬೇಕು, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬಾರದು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೂ ಬೇರೆ ಭಾಷೆಗಳಲ್ಲೂ ಮಾತಾಡಬಹುದು. ತುರ್ತಾದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆ. ಆಗ ವಾರ್ಡನ್‌ಗೂ ಮನೆಗೂ ತಿಳಿಸಲೇಬೇಕು. ಆದರೆ “ಈಗ ನಾನು ಅವರಿಗೆ ಹೇಳ್ತೇನೆ” ಎಂದು ವಿದ್ಯಾರ್ಥಿಗೆ ಮೊದಲು ಹೇಳಿ.

ಲೋಕಲ್ ಗಾರ್ಡಿಯನ್ ಸಹಿಯ ಬಗ್ಗೆ ಪತಿಗಿದ್ದ ಕಲ್ಪನೆ “ಒಂದು ಫಾರ್ಮಾಲಿಟಿ” ಎಂಬುದು. ನಡುರಾತ್ರಿ ಹಾಸ್ಟೆಲಿನವರು ಫೋನ್ ಮಾಡುವುದು ಆ ನಂಬರಿಗೇ. 69ರ ವಯಸ್ಸಿನಲ್ಲಿ, ಮಳೆಗಾಲದ ರಾತ್ರಿ ಎರಡಕ್ಕೆ ಆಸ್ಪತ್ರೆಗೆ ಹೋಗಲು ಆಗುತ್ತದೆಯೇ? ಐವರಿಗೆ ಆಗದು. ಇಬ್ಬರಿಗೆ ಸಾಕು ಎಂದು ನಿಶ್ಚಯವಾಯಿತು, ಅದೂ ತಂದೆತಾಯಿಯ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದ ಮೇಲೆ. ಭಾಷೆ ಬಾರದಿದ್ದರೆ ಸೀನಿಯರ್ ವಿದ್ಯಾರ್ಥಿ ಅನುವಾದಿಸಲಿ. ಸಹಿಗೆ ಮುಂಚೆ ಹಾಸ್ಟೆಲಿನ ನಿಯಮದ ಪ್ರತಿ ಕೇಳಿ ಓದಬೇಕು. ತಮ್ಮ ಮನೆಗೇ ಬರುವ ರಾತ್ರಿಗಳಿಗೆ ಬಿಟ್ಟು ಬೇರೆ ಔಟ್‌ಪಾಸಿಗೆ (ಹಾಸ್ಟೆಲಿನಿಂದ ಹೊರಹೋಗುವ ಚೀಟಿಗೆ) ಸಹಿ ಇಲ್ಲ; “ಅಂಕಲ್, ಒಂದು ಸೈನ್ ಅಷ್ಟೇ” ಎಂದು ಬಂದವರಿಗೂ ಇಲ್ಲ. ನಂಬಿಕೆಯ ಆಟೋದವರ ನಂಬರು, ವಿದ್ಯಾರ್ಥಿಯ ರಕ್ತದ ಗುಂಪು, ಅಲರ್ಜಿ, ವಿಮೆಯ ಪ್ರತಿ ಒಂದೇ ಫೈಲಿನಲ್ಲಿರಲಿ. ಹದಿನೆಂಟು ತುಂಬಿದವರಿಗೆ ಪ್ರಜ್ಞೆ ಇರುವಾಗ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಅವರೇ. ಗಾರ್ಡಿಯನ್ ಪಕ್ಕದಲ್ಲಿ ನಿಲ್ಲಬಹುದು, ಅವರ ಪರವಾಗಿ ತೀರ್ಮಾನಿಸಲಾಗದು.

ಹಣ: ಸಾಲ ಬೇಡವೇ ಬೇಡ. ಸಾಲ ಪಡೆದವನಿಗೆ ಚರ್ಚಿನ ಬಾಗಿಲಲ್ಲಿ ಸಾಲ ಕೊಟ್ಟವರ ಮುಖ ಕಾಣುತ್ತದೆ, ಅವನು ಬರುವುದನ್ನೇ ಬಿಡುತ್ತಾನೆ. ಕೊಡುವುದಾದರೆ ಗಂಡಹೆಂಡತಿ ಇಬ್ಬರೂ ಒಪ್ಪಿ, ವಾಪಸು ಕೇಳದ ಮೊತ್ತವನ್ನು ಕೊಡಲಿ. ಈ ದಂಪತಿ 2,000 ಎಂದು ಮಿತಿ ಹಾಕಿಕೊಂಡರು. ದೊಡ್ಡ ಫೀಸಿನ ಕಷ್ಟವಿದ್ದರೆ ಸಭಾಪಾಲಕರ (ಪಾಸ್ಟರ್) ಮೂಲಕ, ಸಭೆಯ ನಿಧಿಯಿಂದ, ನೇರ ಕಾಲೇಜಿನ ಖಾತೆಗೆ. ಆ 35,000ದ ಹುಡುಗನಿಗೆ ಪತಿ ಹೇಳಿದ್ದು: ಕೆಲಸ ಸಿಕ್ಕಿದ ಮೇಲೆ ತಿಂಗಳಿಗೆ ಸಾವಿರದಂತೆ ಕೊಡು, ಅಲ್ಲಿಯವರೆಗೆ ಈ ಮಾತು ನಮ್ಮಲ್ಲಿ ಬೇಡ. ಹುಡುಗ ಮುಂದಿನ ವಾರವೇ ಆರಾಧನೆಗೆ ಬಂದ.

ಊಟದ ಏರ್ಪಾಟು ಎಲ್ಲಕ್ಕಿಂತ ಸುಲಭವಾಗಿ ಸರಿಹೋಯಿತು. ವಾರವಾರದ ಬದಲು ಮೊದಲ ಮತ್ತು ಮೂರನೆಯ ಆದಿತ್ಯವಾರ, ಹನ್ನೆರಡೂವರೆಯಿಂದ ಎರಡೂವರೆ. ಬರುವವರು ಶುಕ್ರವಾರದೊಳಗೆ ತಿಳಿಸಬೇಕು. ಬಾರದವರಿಗೆ ಕಾರಣ ಕೇಳುವಂತಿಲ್ಲ. ಎಂಟು ಮಕ್ಕಳಿಗೂ ಮನೆಯ ಇಬ್ಬರಿಗೂ ಒಂದೂವರೆ ಕಿಲೋ ಅಕ್ಕಿ ಬೇಕು. ಕುಚ್ಚಲಕ್ಕಿ ಮಲಯಾಳಿ ಮಕ್ಕಳಿಗೆ ಸರಿ, ಈಶಾನ್ಯದವರಿಗೆ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಮಾಡಬೇಕು. ತೆಂಗಿನಕಾಯಿ ಅರೆದ ಗಸಿ ಅವರಿಗೆ ಭಾರ. ತಿಂಗಳಿಗೊಮ್ಮೆ ಅಡುಗೆಮನೆಯನ್ನೇ ಅವರಿಗೆ ಬಿಟ್ಟರೆ ಸೊಪ್ಪು ಬೇಯಿಸಿದ ‘ಬಾಯ್’ ಮಾಡಿ ತಾವೇ ಬಡಿಸುತ್ತಾರೆ. ಮಾರ್ಕು, ಮದುವೆ, ಮೈಕಟ್ಟು, ಗೆಳೆಯ ಗೆಳತಿ ಈ ನಾಲ್ಕರ ಬಗ್ಗೆ ಆತಿಥೇಯರು ತಾವಾಗಿ ಪ್ರಶ್ನೆ ಎತ್ತುವುದಿಲ್ಲ. ಒಬ್ಬರೇ ವಿದ್ಯಾರ್ಥಿ ಬಂದರೆ ಮುಂಬಾಗಿಲು ತೆರೆದಿರಲಿ, ದಂಪತಿ ಇಬ್ಬರೂ ಮನೆಯಲ್ಲಿರಲಿ. ಯಾರಾದರೂ ರಾತ್ರಿ ಉಳಿದರೆ ಸಭಾಪಾಲಕರಿಗೆ ಮೊದಲೇ ಒಂದು ಸಾಲು ತಿಳಿಸಬೇಕು. ಪತಿಗೆ ಇದು ಅವಮಾನ ಅನ್ನಿಸಿತು. ಮಾತು ಹುಟ್ಟಿದ ಮೇಲೆ ಮಾಡುವ ನಿಯಮ ಯಾರನ್ನೂ ಕಾಯುವುದಿಲ್ಲ ಎಂದಾಗ ಒಪ್ಪಿದರು.

ಎರಡೂವರೆಗೆ ಮುಗಿಸುವುದಕ್ಕೆ ಇನ್ನೊಂದು ಕಾರಣವಿತ್ತು. ಮಗ ಆದಿತ್ಯವಾರ ಮಧ್ಯಾಹ್ನ ಮೂರಕ್ಕೆ ಫೋನ್ ಮಾಡುತ್ತಿದ್ದ; ಮೆಲ್ಬರ್ನ್‌ನಲ್ಲಿ ಆಗ ರಾತ್ರಿ ಏಳೂವರೆ, ಅಲ್ಲಿನ ಬೇಸಿಗೆಯಲ್ಲಿ ಎಂಟೂವರೆ, ಮೊಮ್ಮಗು ಮಲಗುವ ಹೊತ್ತು. “ಮಕ್ಕಳು ಬಂದಿದ್ದಾರೆ, ಆಮೇಲೆ” ಎಂದು ಇವರೇ ಕಟ್ ಮಾಡಿ ಮಾಡಿ, ಕೊನೆಗೆ ಅವನು ಮಾಡುವುದನ್ನೇ ನಿಲ್ಲಿಸಿದ್ದ. ಈ ಸಂಗತಿ ಹೊರಬಂದದ್ದೂ ಆ ನೋಟ್‌ಬುಕ್ಕಿನ ಪುಟದಿಂದಲೇ.

ಎರಡು ತಿಂಗಳ ನಂತರ ಪಿಎಚ್‌ಕ್ಯೂ ಅಂಕ 5ಕ್ಕೆ ಇಳಿದಿತ್ತು; ಬೆಳಗಿನ ನಾಲ್ಕೂವರೆವರೆಗೆ ನಿದ್ದೆ ಬರುತ್ತಿದೆ. ಹುಡುಗಿ ಪತ್ರಕ್ಕೆ ಉತ್ತರ ಬರೆಯಲಿಲ್ಲ, ಊಟಕ್ಕೂ ಬಂದಿಲ್ಲ. ಆರಾಧನೆ ಮುಗಿದು ಹೊರಗೆ ಸಿಕ್ಕರೆ ತಲೆಬಾಗಿ ಮುಂದೆ ಹೋಗುತ್ತಾಳೆ. ಅವಳ ಗಾರ್ಡಿಯನ್ ಸಹಿ ಈಗ ಅವಳೇ ಆರಿಸಿಕೊಂಡ ಬೇರೊಂದು ಮನೆಯವರದು. ಬದಲಾವಣೆಗೆ ಬೇಕಾದ ಒಪ್ಪಿಗೆ ಪತ್ರವನ್ನು ಪತ್ನಿ, ಕಾರಣ ಕೇಳದೆ, ಅದೇ ದಿನ ಬರೆದುಕೊಟ್ಟರು.