ತೇರಿನ ಕಲಶ ಯಾಕೆ ಕಟ್ ಆಯ್ತು? ಫೋಟೊ ಕ್ರಾಪ್ ಬಗ್ಗೆ ಓದುಗರ ಪ್ರಶ್ನೆಗಳು

ಕೊಪ್ಪಳದ ಗವಿಮಠದ ಜಾತ್ರೆ ಮುಗಿದರೆ ಸಾಕು, ಒಂದೇ ಪ್ರಶ್ನೆ ಹತ್ತು ವೇಷದಲ್ಲಿ ಬರುತ್ತದೆ. ಮೊಬೈಲಿನಲ್ಲಿ ತೇರು ಪೂರ್ತಿ ಇತ್ತು, ಪ್ರಿಂಟ್ ಹಾಕಿಸಿದರೆ ಕಲಶವೇ ಇಲ್ಲ. ಬೈಸಿಕೊಳ್ಳುವವರು ಲ್ಯಾಬಿನವರು. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ.

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಸಾಗವಾನಿ ಫ್ರೇಮ್ ಇದೆ. ಗ್ಲಾಸಿನ ಅಳತೆ 11 ಇಂಚು ಅಗಲ, 12.5 ಇಂಚು ಎತ್ತರ. ಮೊಬೈಲಿನಲ್ಲಿ ತೆಗೆದ ತೇರಿನ ಫೋಟೊ ಹಾಕಬೇಕು. ಸಾಫ್ಟ್‌ವೇರಿನ ಪಟ್ಟಿಯಲ್ಲಿ ಈ ಸೈಜೇ ಇಲ್ಲ. 8×10ಕ್ಕೆ ಕ್ರಾಪ್ ಮಾಡಿ ದೊಡ್ಡದು ಮಾಡಿಸಲಾ? ಅಂಗಡಿಯವರು "ಸ್ವಲ್ಪ ಎಳೆದು ಕೂರಿಸ್ತೀವಿ" ಅಂತಿದ್ದಾರೆ. (ಗಂಗಾವತಿಯ ಓದುಗರು)

ಎಳೆಸಬೇಡಿ. ಎಳೆದರೆ ತೇರಿನ ಗಾಲಿ ಗುಂಡಗೆ ಉಳಿಯಲ್ಲ, ಮುಂದೆ ನಿಂತವರ ಮುಖವೆಲ್ಲ ಊದಿಕೊಳ್ಳುತ್ತದೆ. ಹೀಗೆ ಎಳೆದುಕೊಟ್ಟು ದುಡ್ಡು ಇಸ್ಕೊಳ್ಳುವ ಅಂಗಡಿಗೆ ಎರಡನೇ ಸಲ ಹೋಗಬೇಡಿ. 8×10 ಕೂಡ ಕೂಡುವುದಿಲ್ಲ. ಅದನ್ನು 11 ಇಂಚು ಅಗಲಕ್ಕೆ ಹಿಗ್ಗಿಸಿದರೆ ಎತ್ತರ 13.75 ಇಂಚು ಆಗುತ್ತದೆ, ನಿಮ್ಮ ಗ್ಲಾಸಿಗಿಂತ ಒಂದೂಕಾಲು ಇಂಚು ಜಾಸ್ತಿ. ಅದನ್ನು ಮತ್ತೆ ಕತ್ತರಿಸಬೇಕು, ಆಗ ಹೋಗುವುದು ಏನು ಹೇಳಿ? ಕಲಶ.

ಪಟ್ಟಿಯಲ್ಲಿ ಇರುವುದು ಲ್ಯಾಬಿನ ಕಾಗದದ ಅಳತೆ ಅಷ್ಟೇ. ನಿಮ್ಮ ಅಜ್ಜನ ಬಡಿಗೇರ ಯಾವ ಅಳತೆಗೆ ಫ್ರೇಮ್ ಮಾಡಿದ ಅಂತ ಯಾವ ಸಾಫ್ಟ್‌ವೇರಿಗೂ ಗೊತ್ತಿರಲ್ಲ, ನೀವೇ ಬರೆಯಬೇಕು. ಫೋಟೊಶಾಪ್‌ನಲ್ಲಿ ಕ್ರಾಪ್ ಟೂಲ್ ಹಿಡಿದರೆ ಮೇಲಿನ ಪಟ್ಟಿಯಲ್ಲಿ 'ರೇಶಿಯೊ' (ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ) ಅಂತ ಬರುತ್ತದೆ, ಪಕ್ಕದ ಎರಡು ಖಾನೆಗೆ 11, 12.5 ಹಾಕಿ. ಅಲ್ಲೇ ಅಗಲ, ಎತ್ತರ, ರೆಸಲ್ಯೂಶನ್ (ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವುದು) ಮೂರೂ ಕೇಳುವ ಇನ್ನೊಂದು ಆಯ್ಕೆ ಇದೆ, ಅದನ್ನು ಸದ್ಯಕ್ಕೆ ಮುಟ್ಟಬೇಡಿ, ಅದು ಪಿಕ್ಸೆಲ್‌ಗಳನ್ನೇ ಬದಲಿಸುತ್ತದೆ. ಗಿಂಪ್‌ನಲ್ಲಾದರೆ 'ಫಿಕ್ಸ್ಡ್' ಟಿಕ್ ಮಾಡಿ, 'ಆಸ್ಪೆಕ್ಟ್ ರೇಶಿಯೊ' ಆರಿಸಿ, 22:25 ಅಂತ ಹಾಕಿ. ಎರಡರಿಂದ ಗುಣಿಸಿದ್ದು ಅಷ್ಟೇ, ಲೆಕ್ಕ ಒಂದೇ.

ಈಗ ಎಷ್ಟು ಕಟ್ ಆಗುತ್ತದೆ ನೋಡೋಣ. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊ ಉದ್ದಕ್ಕೆ ಹಿಡಿದರೆ ಸುಮಾರು 3000×4000 ಪಿಕ್ಸೆಲ್. 3000 ಅಗಲಕ್ಕೆ ನಿಮ್ಮ ರೇಶಿಯೊದಲ್ಲಿ ಎತ್ತರ 3409. ಅಂದರೆ 591 ಪಿಕ್ಸೆಲ್ ಹೋಗಲೇಬೇಕು. ಅದು ಎಲ್ಲಿಂದ ಹೋಗಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಸುಮ್ನೆ ಬಿಟ್ಟರೆ ಮೇಲೆ ಅರ್ಧ, ಕೆಳಗೆ ಅರ್ಧ ಹೋಗುತ್ತದೆ. ಚೌಕಟ್ಟಿನೊಳಗೆ ಫೋಟೊ ಸರಿಸಿ, ಕೆಳಗೆ ಮೊಬೈಲ್ ಎತ್ತಿ ಹಿಡಿದವರ ಕೈಗಳನ್ನೆಲ್ಲ ಹೊರಗೆ ತಳ್ಳಿ, ಮಿಣಿ (ತೇರಿನ ಹಗ್ಗ) ಹಿಡಿದವರನ್ನು ಉಳಿಸಿಕೊಳ್ಳಿ. ಮೇಲೆ ಎಸೆದ ಉತ್ತತ್ತಿ ಗಾಳಿಯಲ್ಲಿ ಕಾಣುತ್ತಿದ್ದರೆ ಅದನ್ನಂತೂ ಬಿಡಬೇಡಿ. ತೇರು ವಾಲಿದಂತೆ ಕಂಡರೆ ಮೊದಲು ನೇರ ಮಾಡಿ, ಆಮೇಲೆ ಕ್ರಾಪ್ ಮಾಡಿ. ತಿರುಗಿಸಿದಾಗ ಮೂಲೆಗಳು ಹೋಗುತ್ತವೆ, ಆ ಲೆಕ್ಕ ಮೊದಲೇ ಗೊತ್ತಿರಬೇಕು.

ಕಲಶದಿಂದ ಗಾಲಿವರೆಗೆ ತೇರೇ ಫೋಟೊ ತುಂಬಿಕೊಂಡಿದ್ದರೆ ಕ್ರಾಪ್ ಮಾಡಲೇಬೇಡಿ. ಕ್ಯಾನ್ವಾಸ್ (ಫೋಟೊ ಕೂತಿರುವ ಹಾಳೆ) ಅಗಲವನ್ನು 3520 ಪಿಕ್ಸೆಲ್ ಮಾಡಿ, ಎರಡೂ ಬದಿಗೆ 260ರಂತೆ ಬಿಳಿ ಅಥವಾ ಕೆನೆ ಬಣ್ಣದ ಪಟ್ಟಿ ಬರುತ್ತದೆ. ಹಳೇ ಫ್ರೇಮಿಗೆ ಅದು ಚೆನ್ನಾಗಿಯೇ ಕಾಣುತ್ತದೆ.

ಇನ್ನೊಂದು ಮಾತು. 11×12.5 ಗ್ಲಾಸಿನ ಅಳತೆ ಅಂದಿರಿ, ಫ್ರೇಮಿನ ಮುಂದೆ ಕಾಣುವ ಜಾಗ ಅಷ್ಟಿರಲ್ಲ. ಸುತ್ತ ಕಟ್ಟಿಗೆಯ ಅಂಚು ಕಾಲು ಇಂಚಾದರೂ ಮುಚ್ಚುತ್ತದೆ. ಟೇಪ್ ಹಿಡಿದು ಮುಂದಿನಿಂದಲೂ ಅಳೆಯಿರಿ. ಕಲಶ ಫೋಟೊದ ಮೇಲಂಚಿಗೆ ತಾಗಿದ್ದರೆ ಲ್ಯಾಬ್ ಉಳಿಸಿದ್ದನ್ನು ಫ್ರೇಮ್ ನುಂಗುತ್ತದೆ.

ಕೊನೆಗೆ ಪ್ರಿಂಟ್. 'ಇಮೇಜ್ ಸೈಜ್'ನಲ್ಲಿ 'ರೀಸ್ಯಾಂಪಲ್' ಟಿಕ್ ತೆಗೆದು ಅಗಲ 11 ಇಂಚು ಅಂತ ಹಾಕಿ. ಕ್ರಾಪ್ ಮಾಡಿದ ಫೋಟೊ ಆದರೆ ರೆಸಲ್ಯೂಶನ್ ತಾನೇ 272ರ ಆಸುಪಾಸಿಗೆ ಬರುತ್ತದೆ, ಗೋಡೆಗೆ ಧಾರಾಳ ಸಾಕು. ಆಮೇಲೆ ಕ್ಯಾನ್ವಾಸ್ 12×15 ಮಾಡಿ ಬಿಳಿ ಅಂಚು ಬಿಟ್ಟು ಸೇವ್ ಮಾಡಿ. 12×15 ಲ್ಯಾಬಿನಲ್ಲಿ ಸಿಗುವ ಕಾಗದ. "ಆಟೋ ಕ್ರಾಪ್ ಬೇಡ, ಇದ್ದಂಗೇ ಹಾಕ್ರಿ" ಅಂತ ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆಸಿ. ಬಂದ ಮೇಲೆ ಬಿಳಿ ಅಂಚನ್ನು ಕಟರ್‌ನಿಂದ ತೆಗೆದರಾಯಿತು. ಮೂಲ ಫೈಲಿನ ಮೇಲೆ ಮಾತ್ರ ಸೇವ್ ಮಾಡಬೇಡಿ, ಬೇರೆ ಹೆಸರಿನಲ್ಲಿ ಇಡಿ. ಕ್ರಾಪ್ ಮಾಡುವಾಗ 'ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್' ಟಿಕ್ ಇರಲಿ, ಇಲ್ಲದಿದ್ದರೆ ಕ್ಯಾನ್ವಾಸ್ ದೊಡ್ಡದು ಮಾಡಿದಾಗ ಬಿಳಿ ಅಂಚಿನ ಬದಲು ಕಟ್ ಮಾಡಿದ್ದೇ ಮತ್ತೆ ಕಾಣುತ್ತದೆ. ಇದರಲ್ಲಿ ನಾನು ಸ್ವಲ್ಪ ಅತಿಯೇ, ಇರಲಿ.

ಪ್ರಶ್ನೆ: ಫೋಟೊ 72 ಡಿಪಿಐ ತೋರಿಸುತ್ತದೆ. 300 ಮಾಡಿದರೆ ಕ್ಲಿಯರ್ ಆಗುತ್ತಾ?

ಇಲ್ಲ. ಸಂಖ್ಯೆ ಮಾತ್ರ ಬದಲಿಸಿದರೆ 3000 ಪಿಕ್ಸೆಲ್ 3000ವೇ ಇರುತ್ತದೆ. ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪ್ರಶ್ನೆ: ತೀರಿಹೋದ ತಂದೆಯವರ ವಾಟ್ಸಾಪ್ ಫೋಟೊ ಇದೆ. ಗುಂಪಿನಲ್ಲಿದ್ದಾರೆ. ಮುಖ ಮಾತ್ರ ಕ್ರಾಪ್ ಮಾಡಿ ಆ್ಯಪಿನಲ್ಲಿ 4ಕೆ ಮಾಡಬಹುದಾ?

ಆ ಆ್ಯಪ್ ನಿಮ್ಮ ತಂದೆಯನ್ನು ನೋಡಿಲ್ಲ. ಮಸುಕಾದ ಕಡೆ ತನಗೆ ತೋಚಿದ ಕಣ್ಣು, ತನಗೆ ತೋಚಿದ ಹಲ್ಲು ಕೂರಿಸುತ್ತದೆ. ಚೆಂದ ಕಾಣುತ್ತದೆ, ಆದರೆ ಮನೆಯವರಿಗೆ "ಇದು ಅಪ್ಪ ಅಲ್ವಲ್ಲ" ಅನಿಸುತ್ತದೆ. ಫೋಟೊ ತೆಗೆದವರ ಫೋನಿನಲ್ಲಿ ಮೂಲ ಇದೆಯಾ ಕೇಳಿ, ಇದ್ದರೆ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಸಿಗದಿದ್ದರೆ ಚಿಕ್ಕದಾಗಿಯೇ, 4×6ರಲ್ಲಿ ಹಾಕಿಸಿ.

ಪ್ರಶ್ನೆ: ಗೋಲ್ಡನ್ ರೇಶಿಯೊ 1.618ಕ್ಕೆ ಕ್ರಾಪ್ ಮಾಡಿದರೆ ಫೋಟೊ ಚೆಂದ ಬರುತ್ತದಂತೆ?

ಯಾರೋ ಕ್ಲಾಸ್ ಮಾರುತ್ತಿದ್ದಾರೆ. ಮುಂದೆ ಹೋಗಿ.

ಪ್ರಶ್ನೆ: ಪಾಸ್‌ಪೋರ್ಟ್ ಸೈಜ್ ರೇಶಿಯೊ ಎಷ್ಟು?

3.5×4.5 ಸೆಂಟಿಮೀಟರ್, ಅಂದರೆ 7:9. ಅಮೆರಿಕ ವೀಸಾಕ್ಕೆ 2×2 ಇಂಚಿನ ಚೌಕ. ಸೆಲ್ಫಿ ಕ್ರಾಪ್ ಮಾಡಿ ಕಳಿಸಬೇಡಿ.

ಪ್ರಶ್ನೆ: ಮದುವೆ ಆಲ್ಬಮ್ಮಿನ 12×36 ಹಾಳೆಗೆ ಒಂದೇ ಫೋಟೊ ಪೂರ್ತಿ ಹರಡಬೇಕು. ಹೇಗೆ?

ಅದು 3:1. 6000×4000 ಪಿಕ್ಸೆಲ್ ಫೋಟೊದಲ್ಲಿ 6000×2000 ಉಳಿಯುತ್ತದೆ, ಅಂದರೆ ಅರ್ಧ ಫೋಟೊ ಹೋಯಿತು. ಮಂಟಪದ ಮುಂದೆ ಹತ್ತಿರದಿಂದ ತೆಗೆದಿದ್ದರೆ ಒಂದೋ ಬಾಸಿಂಗ ಹೋಗುತ್ತದೆ, ಇಲ್ಲಾ ಕೈ. ಮದುವೆಗೆ ಮುಂಚೆಯೇ ಫೋಟೊಗ್ರಾಫರ್‌ಗೆ ಹೇಳಿ, ಒಂದೆರಡು ಫೋಟೊ ದೂರ ನಿಂತು ತೆಗೆಯಲಿ. ಮದುವೆ ಮುಗಿದಿದ್ದರೆ ಆ ಹಾಳೆಯಲ್ಲಿ ಮೂರು ಫೋಟೊ ಹಾಕಿಸಿ.