ಹೇಳಿದ್ದು ಕೇಳದ ಹುಡುಗ: ಒಂದು ಆಪ್ತಸಲಹೆ ಪ್ರಕರಣ

ಲಿಂಗಸುಗೂರು ತಾಲ್ಲೂಕಿನ ತಾಂಡಾವೊಂದರ ಹುಡುಗ, ವಯಸ್ಸು 8, ಮೂರನೇ ತರಗತಿ (ಗುರುತು ಸಿಗದಂತೆ ವಿವರ ಬದಲಿಸಲಾಗಿದೆ). ಜೊತೆಯ ಹುಡುಗರನ್ನು ಹೊಡೆಯುತ್ತಾನೆ, ಪ್ರಶ್ನೆ ಕೇಳಿದರೆ ಬೆಂಚಿನ ಕೆಳಗೆ ಸೇರುತ್ತಾನೆ ಎಂಬುದು ಶಾಲೆಯ ದೂರು. "ಮನ್ಯಾಗೂ ಹಂಗರೀ. ಹೇಳಿದ್ದು ಕಿವಿಗೇ ಹಾಕ್ಕೊಳ್ಳಂಗಿಲ್ಲ, ಗದರಿಸಿದ್ರ ಕೈಗೆ ಸಿಕ್ಕಿದ್ದು ಒಗಿತಾನ" ಎಂದರು ತಾಯಿ.

"ಪುಸ್ತಕ ಮುಚ್ಚು, ಪೆನ್ಸಿಲ್ ಚೀಲದಾಗ ಹಾಕು, ಬಾಗಿಲ ಹತ್ರ ಹೋಗು" ಎಂದು ನಾವು ಹೇಳಿದಾಗ ಹುಡುಗ ನೇರ ಬಾಗಿಲಿಗೆ ಹೋಗಿ ನಿಂತ. ಕೊನೆಯ ತುಂಡಷ್ಟೇ ತಲೆಯಲ್ಲಿ ಉಳಿದಿತ್ತು. ಒಂದೊಂದಾಗಿ ಹೇಳಿದಾಗ ಮೂರನ್ನೂ ಮಾಡಿದ. ಇದು ಹಟವಲ್ಲ. ನಿನ್ನೆಯ ಜಗಳದ ಬಗ್ಗೆ ಕೇಳಿದರೆ "ಅದು... ಅವ... ಬಿತ್ತು" ಎಂದು ತಡವರಿಸಿ ಮುಷ್ಟಿ ಬಿಗಿದ. ಮಾತು ಸಿಗದ ಕಡೆ ಕೈ ಮುಂದಾಗುತ್ತಿತ್ತು.

ಮನೆಯ ಲಂಬಾಣಿ ಮಾತೇ ಕಾರಣವೆಂದು ಶಾಲೆಯವರು ನಂಬಿದ್ದರು. ಎರಡು ಭಾಷೆಯಿಂದ ಈ ತೊಂದರೆ ಬರುವುದಿಲ್ಲ. ಕನ್ನಡ ಹೊಸದೆಂಬುದಷ್ಟೇ ಕಾರಣವಾಗಿದ್ದರೆ ಲಂಬಾಣಿ ಸರಾಗವಾಗಿ ಬರಬೇಕಿತ್ತು. ಆದರೆ ಲಂಬಾಣಿಯಲ್ಲೂ ಅವನು ಎರಡು ಪದ ಜೋಡಿಸಿದ್ದು ನಾಲ್ಕು ವರ್ಷ ತುಂಬಿದ ಮೇಲೆ. ಕೇಳಿದ್ದನ್ನು ಅರಿಯಲು, ಹೇಳಬೇಕಾದ್ದನ್ನು ಮಾತಿಗಿಳಿಸಲು ಕಷ್ಟವಾಗುವ ಈ ಬೆಳವಣಿಗೆಯ ಭಾಷಾ ತೊಂದರೆ ನೂರು ಮಕ್ಕಳಲ್ಲಿ ಸುಮಾರು 7 ಮಂದಿಗೆ ಇರುತ್ತದೆ. ಉಚ್ಚಾರ ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳದೆ, ಮಗುವಿಗೆ ಮೊಂಡನೆಂಬ ಹೆಸರು ಬರುತ್ತದೆ.

ಮೊದಲು ಕಿವಿ ಪರೀಕ್ಷೆಗೆ ಕಳಿಸಿದೆವು. ಕಿವಿಯೊಳಗೆ ನೀರು ತುಂಬಿ ಸರಿಯಾಗಿ ಕೇಳಿಸದಿದ್ದರೂ ಲಕ್ಷಣ ಹೀಗೇ ಇರಬಹುದು. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡದ ಚೀಟಿಯಿದ್ದರೆ ಖರ್ಚಿಲ್ಲ. ಕಿವಿ ಸರಿಯಿತ್ತು, ವಾಕ್-ಭಾಷಾ ತಜ್ಞರು ತಾಯಿಯ ನೆರವಿನಿಂದ ಲಂಬಾಣಿಯಲ್ಲೂ ಪರೀಕ್ಷಿಸಿ ಭಾಷಾ ತೊಂದರೆಯನ್ನು ಖಚಿತಪಡಿಸಿದರು.

ಮಾಸ್ತರರಿಗೆ ಹೇಳಿದ್ದು: ಹೆಸರು ಕರೆದು, ಅವನು ತಿರುಗಿ ನೋಡಿದ ಮೇಲೆ ಒಂದೇ ಮಾತು ಹೇಳಿ. 10 ಸೆಕೆಂಡ್ ಸುಮ್ಮನಿರಿ. ತಿಳಿಯಲಿಲ್ಲವೆಂದು ನಾವು ಇನ್ನೂ ಉದ್ದ ವಿವರಿಸುತ್ತೇವೆ, ಅಲ್ಲೇ ಕೆಡುವುದು; ಅದೇ ಮಾತನ್ನು ಚಿಕ್ಕದಾಗಿ, ಕೈಸನ್ನೆ ಸೇರಿಸಿ ಹೇಳಿ. "ತಿಳೀತಾ?" ಎಂದರೆ ಹೂಂ ಎಂದೇ ಅನ್ನುತ್ತಾನೆ, ಮಾಡಿ ತೋರಿಸಲು ಹೇಳಿ. ಜಗಳವಾದ ಕೂಡಲೇ "ಯಾಕ ಹೊಡ್ದಿ?" ಬೇಡ, ಕಾರಣ ಹೇಳಲು ಇಡೀ ಕಥೆ ಕಟ್ಟಬೇಕಾಗುತ್ತದೆ. ಸಿಟ್ಟು ಇಳಿದ ಮೇಲೆ ಪಾಟಿಯ ಮೇಲೆ ಮೂರು ಚೌಕ ಹಾಕಿ, ಮೊದಲು, ಆಮೇಲೆ, ಕೊನೆಗೆ ಏನಾಯಿತೆಂದು ಇಬ್ಬರೂ ಸೇರಿ ಚಿತ್ರ ಬರೆಯಿರಿ.

ತಾಯಿಗೆ, ಲಂಬಾಣಿ ಬಿಡಬೇಡಿ ಎಂದೆವು. ದಿನಕ್ಕೆ 15 ನಿಮಿಷ ರೊಟ್ಟಿ ಬಡಿಯುವಾಗಲೋ ನೀರು ತರುವಾಗಲೋ ಅವನು ಅಂದದ್ದಕ್ಕೆ ಒಂದೆರಡು ಪದ ಸೇರಿಸಿ ಹೇಳುವುದು. ಸಿಟ್ಟು, ಅಂಜಿಕೆ, ಬ್ಯಾಸರ, ನಾಚಿಕೆ ಬೇರೆಬೇರೆಯೆಂದು ಆಯಾ ಹೊತ್ತಿಗೇ ಹೆಸರಿಸುವುದು.

ಎರಡು ತಿಂಗಳಲ್ಲಿ ಹೊಡೆತ ಕಡಿಮೆಯಾಗಿದೆ. ಆಟದ ನಿಯಮ ನಡುವೆ ಬದಲಾದರೆ ಈಗಲೂ ಕೈ ಎತ್ತುತ್ತಾನೆ. ಆಟಕ್ಕೆ ಮುಂಚೆ ಗೆಳೆಯನೊಬ್ಬ ನಿಯಮ ಆಡಿ ತೋರಿಸುವಂತೆ ಮಾಸ್ತರರು ಈ ವಾರ ಏರ್ಪಾಡು ಮಾಡಿದ್ದಾರೆ.