ಹೊಸ್ತಿಲ ಬಳಿ ಕಾಲು ನಿಂತುಬಿಡುತ್ತದೆ

ಪ್ರಶ್ನೆ: 68 ವರ್ಷದ ನನ್ನ ತಂದೆಯವರು ಎರಡು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈಗ ಹೊಸ್ತಿಲ ಬಳಿ ಬಂದರೆ ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಾರೆ. ಏನು ಮಾಡಬೇಕು? ನೆರವು ಎಲ್ಲಿ ಸಿಗುತ್ತದೆ?
– ಓದುಗರೊಬ್ಬರು, ಹಾಸನ

ಉತ್ತರ: ಅಂಥ ಹೊತ್ತಿನಲ್ಲಿ ದಯವಿಟ್ಟು ಅವರ ಕೈ ಹಿಡಿದು ಎಳೆಯಬೇಡಿ, ಬೀಳುವ ಅಪಾಯ ಆಗಲೇ ಹೆಚ್ಚು. ಚಲನೆಯನ್ನು ಹದವಾಗಿ ನಡೆಸಲು ಬೇಕಾದ ಡೋಪಮಿನ್ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಜೀವಕೋಶಗಳು ಈ ಕಾಯಿಲೆಯಲ್ಲಿ ಕ್ರಮೇಣ ನಶಿಸುವುದರಿಂದ, ನಾವು ಯೋಚಿಸದೆಯೇ ಇಡುವ ಹೆಜ್ಜೆಯನ್ನು ಅವರು ಪ್ರಯತ್ನಪಟ್ಟು ಇಡಬೇಕಾಗುತ್ತದೆ. ಹೊಸ್ತಿಲಿನ ಮುಂದೆ ಒಂದೊಂದು ಹೆಜ್ಜೆಯ ಅಂತರದಲ್ಲಿ ಬಣ್ಣದ ಪಟ್ಟಿಗಳನ್ನು ಅಂಟಿಸಿ ಅವುಗಳನ್ನು ದಾಟಲು ಹೇಳಿ, ಇಲ್ಲವೇ ಜೊತೆಯಲ್ಲಿ ನಿಂತು "ಒಂದು, ಎರಡು" ಎಂದು ಎಣಿಸಿ; ಅನೇಕರಿಗೆ ಇಷ್ಟರಿಂದಲೇ ಕಾಲು ಕದಲುತ್ತದೆ.

ಮಾತ್ರೆಯ ಹೊತ್ತು ತಪ್ಪಬಾರದು. ಹಾಲು, ಬೇಳೆ, ಮೊಟ್ಟೆಗಳ ಪ್ರೋಟೀನ್ ಅದರ ಹೀರಿಕೆಗೆ ಅಡ್ಡಬರಬಹುದಾದ್ದರಿಂದ, ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ನೀವಾಗಿಯೇ ನಿಲ್ಲಿಸುವುದು ಅಪಾಯಕರ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞರಿದ್ದಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಪಾರ್ಕಿನ್ಸನ್ ಕೂಡ ಸೇರಿರುವುದರಿಂದ ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು. ತಾಯಿಯವರ ಬಗ್ಗೆ ನೀವು ಬರೆದಿಲ್ಲ. ರಾತ್ರಿ ಎದ್ದು ತಂದೆಯವರನ್ನು ಮಗ್ಗುಲು ಹೊರಳಿಸುವವರು ಅವರೇ ಆಗಿದ್ದರೆ, ವಾರದಲ್ಲಿ ಎರಡು ರಾತ್ರಿಯಾದರೂ ಅವರಿಗೆ ಪೂರ್ಣ ನಿದ್ರೆ ಸಿಗುವಂತೆ ಮನೆಯವರೆಲ್ಲ ಸರದಿ ಹಾಕಿಕೊಳ್ಳಿ.